ಶಿವಕಾಂತಮ್ಮನ ಎರಡು ರಿಪೋರ್ಟು

ಸೇಡಮಿನ ಅಗಸಿ ಓಣಿಯ ಹೆಂಗಸರು ರೊಟ್ಟಿ ನೋಡಿಯೇ ಅದನ್ನು ಬಡಿದ ಕೈ ಯಾರದೆಂದು ಹೇಳಿಬಿಡುತ್ತಿದ್ದರು. ಅಂಚು ಸೀಳಿದ್ದರೆ ಒಬ್ಬಳದು, ನಡುವೆ ದಪ್ಪ ಉಳಿದಿದ್ದರೆ ಇನ್ನೊಬ್ಬಳದು, ಕರಕಲು ಚುಕ್ಕೆ ಹೆಚ್ಚಿದ್ದರೆ ಬಡಿಯುವಾಗ ಬಾಯಿ ಮುಚ್ಚದ ಮತ್ತೊಬ್ಬಳದು. ಹಂಚಿನಷ್ಟೇ ಅಗಲ, ಬಿಸಿಲಿಗೆ ಹಿಡಿದರೆ ಹಿಂದಿನ ಬೆರಳು ಕಾಣುವಷ್ಟು ತೆಳು, ಸುತ್ತಲೂ ಒಂದೇ ಸಮ ಅಂಚು ಇದ್ದರೆ ಅದು ಶಿವಕಾಂತಮ್ಮನದು. ಚಿಂಚೋಳಿ ಕಡೆಯ ಕೊಡ್ಲಿಯಿಂದ ಅರವತ್ತೆಂಟನೆಯ ಇಸವಿಯಲ್ಲಿ ಸೊಸೆಯಾಗಿ ಬಂದವಳು. ಬಂದ ವರ್ಷವೇ ಹೆಸರು ಮಾಡಿದಳು. ಮುಖ ಅಷ್ಟೇನೂ ಚೆಲುವಲ್ಲ, ಮಾತೂ ಕಡಿಮೆ. ಆದರೆ ಆ ಕೈಗೆ ಓಣಿ ಸೋತಿತ್ತು.

ಆ ಓಣಿಯಲ್ಲೊಂದು ರೂಢಿ. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ತಿಂಗಳು ಮೊದಲೇ ಆ ಮನೆಯವರು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ ‘ರೊಟ್ಟಿಗೆ’ ಕರೆಯುತ್ತಿದ್ದರು. ಕರೆದ ಮೇಲೆ ಪ್ರತಿ ಮನೆಯಿಂದಲೂ ಒಬ್ಬ ಹೆಂಗಸು ಹೋಗಬೇಕು. ಸಾಲಾಗಿ ಹೂಡಿದ ಒಲೆಗಳ ಮುಂದೆ ಕೂತು ಜೋಳದ ರೊಟ್ಟಿ ಬಡಿದು, ಖಡಕ್ಕಾಗಿ ಒಣಗಿಸಿ ಒಟ್ಟಬೇಕು. ಹೋಗಲಾಗದವಳು ತನ್ನ ಮನೆಯಲ್ಲೇ ಬಡಿದು ಕಳಿಸಬೇಕು. ಇದಕ್ಕೆ ಮುಯ್ಯಿ ರೊಟ್ಟಿ ಎಂದು ಹೆಸರು. ಕರೆದ ಮೇಲೂ ಕಾರಣವಿಲ್ಲದೆ ಯಾವ ಮನೆಯ ರೊಟ್ಟಿ ಆ ರಾಶಿಯಲ್ಲಿ ಇಲ್ಲವೋ ಆ ಮನೆಗೂ ಓಣಿಗೂ ಸಂಬಂಧ ತೀರಿತೆಂದೇ ಅರ್ಥ. ಗಂಡಸರು ಹಂದರದಲ್ಲಿ ತಮಗೆ ಸರಿಯಾಗಿ ನಮಸ್ಕಾರ ಹೇಳಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತಿದ್ದರಲ್ಲ, ಅದೆಲ್ಲ ಎರಡು ದಿನದ ಸಿಟ್ಟು. ಓಣಿಯ ನಿಜವಾದ ಮಾನ ಅವಮಾನ ತೀರ್ಮಾನವಾಗುತ್ತಿದ್ದುದು ರೊಟ್ಟಿಯ ರಾಶಿಯ ಮುಂದೆ. ಆ ರಾಶಿಯ ಯಜಮಾನಿ ಶಿವಕಾಂತಮ್ಮನ ಎದುರು ಮನೆಯ ರತ್ನಾಬಾಯಿ. ಒಲೆಗೆ ಯಾರನ್ನು ಕೂಡಿಸಬೇಕು, ಹಿಟ್ಟು ಯಾರು ನಾದಬೇಕು, ಎಲ್ಲ ಅವಳೇ ಹೇಳಬೇಕು. ಮೊದಲ ಒಲೆಗೆ ಯಾವಾಗಲೂ ಶಿವಕಾಂತಮ್ಮ.

ಎಪ್ಪತ್ತಾರರಲ್ಲಿ ಎರಡನೆಯ ಬಾಣಂತನ ಮುಗಿಸಿ ಎದ್ದಾಗಿನಿಂದ ಅವಳ ಮೈ ನೋಯತೊಡಗಿತು. ಮೊದಲು ಕತ್ತು, ಆಮೇಲೆ ಹೆಗಲು, ಆಮೇಲೆ ತೊಡೆ, ಮೊಣಕೈ, ಪಕ್ಕೆ. ಇಲ್ಲಿ ಎಂದು ಬೆರಳಿಟ್ಟು ತೋರಿಸುವಷ್ಟರಲ್ಲಿ ಅಲ್ಲಿ. ಇಡೀ ಇರುಳು ಮಲಗಿದ್ದರೂ ಬೆಳಿಗ್ಗೆ ಯಾರೋ ಒನಕೆಯಿಂದ ಕುಟ್ಟಿ ಎಬ್ಬಿಸಿದಂತೆ ಏಳುತ್ತಿದ್ದಳು. ಬಾವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಮನೆಯವರಿಗಷ್ಟು ನಾಲ್ಕಾರು ರೊಟ್ಟಿ ಬಡಿಯುವುದರೊಳಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಕಂಪೌಂಡರ್ ಮಡಿವಾಳಯ್ಯ ವರ್ಷಗಟ್ಟಲೆ ಸೂಜಿ ಚುಚ್ಚಿದ. ಗುಲಬರ್ಗಾಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದರು. ಎಲುಬು ಎಲ್ಲ ಚೆನ್ನಾಗಿವೆ ಎಂದು ಬರೆದುಕೊಟ್ಟರು.

ಬರೆದುಕೊಟ್ಟರು ಎಂಬುದೇ ಅವಳ ಪಾಲಿಗೆ ಮುಳುವಾಯಿತು. ಯಾಕೆಂದರೆ ಅವಳ ಗಂಡ ದೇವೀಂದ್ರಪ್ಪ ತಹಸೀಲ್ ಕಚೇರಿಯಲ್ಲಿ ನಕಲು ಗುಮಾಸ್ತ. ಕೆಟ್ಟವನಲ್ಲ, ಹೆಂಡತಿಯ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ಕಾಗದ ನೋಡಿ ಕಾಗದ ಬರೆಯುವ ಆ ಮನುಷ್ಯನಿಗೆ ಕಾಗದದಲ್ಲಿ ಇದ್ದದ್ದೇ ಉಂಟು, ಇಲ್ಲದ್ದು ಇಲ್ಲ. ಗುಲಬರ್ಗಾದ ಚೀಟಿಯನ್ನು ಎರಡು ಸಲ ಓದಿ, ಮಡಚಿ ಟ್ರಂಕಿನಲ್ಲಿಟ್ಟು, “ಏನೂ ಇಲ್ಲಂತ ಬರದಾರ. ಮನಸಿಗಿ ಹಚ್ಕೋಬ್ಯಾಡ,” ಎಂದ. ಅವನ ಪ್ರಕಾರ ಅಲ್ಲಿಗೆ ಬೇನೆ ಮುಗಿಯಿತು.

ಬೇನೆಗೇನು ಓದು ಬರುತ್ತದೆಯೇ, ಮುಗಿಯಲಿಕ್ಕೆ? ಶಿವಕಾಂತಮ್ಮ ರೊಟ್ಟಿಗೆ ಕರೆದಾಗಲೆಲ್ಲ ನೆಪ ಹೇಳತೊಡಗಿದಳು. ಒಮ್ಮೆ ತವರಿಗೆ ಹೊರಟಿದ್ದೇನೆ ಎಂದಳು, ಒಮ್ಮೆ ಮುಟ್ಟಾಗಿದ್ದೇನೆ ಎಂದಳು. ‘ಮೈ ನೋಯುತ್ತದೆ’ ಎಂದು ಹೇಳಲು ನಾಚಿಕೆ. ಮೈ ಯಾರಿಗೆ ನೋಯುವುದಿಲ್ಲ? ಆ ಓಣಿಯಲ್ಲಿ ಹೊಲಕ್ಕೆ ಹೋಗಿ ಬಂದು, ಶಾಬಾದಿ ಕಲ್ಲಿನ ಗಣಿಯಲ್ಲಿ ಬುಟ್ಟಿ ಹೊತ್ತು ಬಂದು, ಆಮೇಲೂ ರೊಟ್ಟಿ ಬಡಿಯುವ ಹೆಂಗಸರಿದ್ದರು. ನೆರಳಲ್ಲಿ ಕೂತ ಗುಮಾಸ್ತನ ಹೆಂಡತಿಗೆ ಎಂಥ ನೋವು? ಅವಳೂ ತನ್ನನ್ನು ತಾನೇ ಹಾಗೆ ಕೇಳಿಕೊಳ್ಳುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ಓಣಿಯಲ್ಲಿ ಮತ್ತೊಂದು ಮದುವೆ ಬಂತು. ನೆಪಗಳೆಲ್ಲ ಖರ್ಚಾಗಿದ್ದವು. ಶಿವಕಾಂತಮ್ಮ ಬಲಗೈಗೆ ಹಳೇ ಪಂಜೆಯ ಚೂರು ಸುತ್ತಿಕೊಂಡು, ಹಂಚು ತಾಗಿ ಅಂಗೈ ಸುಟ್ಟಿದೆ ಎಂದುಬಿಟ್ಟಳು. ರತ್ನಾಬಾಯಿ ಬಾಯಿ ಜೋರಾದರೂ ಕರುಳಿದ್ದ ಹೆಂಗಸು. ತನ್ನ ಹಿತ್ತಲಿನ ಲೋಳೆಸರ ಕೊಯ್ದುಕೊಂಡು ನೆಟ್ಟಗೆ ಮನೆಯೊಳಗೆ ಬಂದಳು. ಹಿಂದೆ ಇನ್ನಿಬ್ಬರು ಹೆಂಗಸರು.

“ತಾ ಇಲ್ಲಿ ಕೈ. ಅರಿವಿ ಕಟ್ಟಿದ್ರ ಬೊಬ್ಬಿ ಏಳ್ತಾವ. ಬಿಚ್ಚು.”

“ಬ್ಯಾಡಕ್ಕಾ, ಭಾಳ ಉರೀಲಿಕತ್ತಾದ.”

“ಅದಕ್ಕ ಬಿಚ್ಚು ಅಂದೆ.”

ರತ್ನಾಬಾಯಿಯೇ ಕೈ ಹಿಡಿದು ಬಟ್ಟೆ ಬಿಚ್ಚಿದಳು. ಒಳಗೆ ಸುಟ್ಟ ಗಾಯವಿರಲಿಲ್ಲ, ಬೊಬ್ಬೆಯಿರಲಿಲ್ಲ, ಗೀರೂ ಇರಲಿಲ್ಲ. ಬೆಳ್ಳಗಿನ ಅಂಗೈ ಎಲ್ಲರ ಮುಂದೆ ತೆರೆದುಕೊಂಡು ಬಿದ್ದಿತ್ತು. ಹಿಂದಿದ್ದ ಇಬ್ಬರಲ್ಲಿ ಒಬ್ಬಳು ಕಿಸಕ್ಕೆಂದಳು. ರತ್ನಾಬಾಯಿ ನಗಲಿಲ್ಲ, ಬೈಯಲೂ ಇಲ್ಲ. ಲೋಳೆಸರವನ್ನು ನೆಲದ ಮೇಲಿಟ್ಟು ಎದ್ದು ಹೋದಳು. ಶಿವಕಾಂತಮ್ಮನಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮೂರು ದಿನ ಅವಳು ಬೀದಿಯ ಬಾಗಿಲು ತೆರೆಯಲಿಲ್ಲ.

ಆಮೇಲೆ ಅವಳನ್ನು ಯಾರೂ ರೊಟ್ಟಿಗೆ ಕರೆಯಲಿಲ್ಲ. ಮದುವೆಗೆ ಕರೆಯುತ್ತಿದ್ದರು, ಊಟಕ್ಕೆ ಕರೆಯುತ್ತಿದ್ದರು. ಕುಂಕುಮದ ಭರಣಿ ಮಾತ್ರ ಅವಳ ಹೊಸ್ತಿಲ ಮುಂದೆ ನಿಲ್ಲದೆ ಪಕ್ಕದ ಮನೆಗೆ ಹೋಗುತ್ತಿತ್ತು. ನೀರು ತುಂಬುವಲ್ಲಿ ‘ಮೈಗಳ್ಳಿ’ ಎಂಬ ಮಾತು ಅವಳ ಕಿವಿಗೆ ಬೀಳುವಷ್ಟೇ ಮೆಲ್ಲಗೆ ಕೇಳಿಸುತ್ತಿತ್ತು. ಪಂಕ್ತಿಯಲ್ಲಿ ಕೂತು ಬೇರೆಯವರು ಬಡಿದ ರೊಟ್ಟಿ ಮುರಿಯುವಾಗ ಎದೆಯೊಳಗೆ ಒಂದೇ ಮಾತು: ನಾನು ಸುಳ್ಳಿ. ಬೇನೆ ಸುಳ್ಳೋ ನಿಜವೋ, ನಾನಂತೂ ಸುಳ್ಳಿ.

ಎಂಬತ್ತೆರಡರ ಬೇಸಿಗೆ. ಸೇಡಮಿನಲ್ಲಿ ಬಂಡೆ ಸೀಳುವ ಬಿಸಿಲು. ನಾಯಿಗಳು ಗಟಾರದಲ್ಲಿ ಮಲಗಿದ್ದವು. ಶಿವಕಾಂತಮ್ಮ ಮಾತ್ರ ಕೌದಿ ಹೊದ್ದು ಕೂರುತ್ತಿದ್ದಳು. ಮುಖ ಊದಿಕೊಂಡಿತ್ತು, ದನಿ ಗಂಡಸಿನಂತೆ ದಪ್ಪಗಾಗಿತ್ತು, ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಕೂತಲ್ಲೇ ತೂಕಡಿಕೆ. ಆಗಷ್ಟೇ ಊರಿಗೆ ಬಂದು ದವಾಖಾನೆ ಇಟ್ಟಿದ್ದ ಡಾಕ್ಟರ್ ನೂರಜಹಾನ್ ಬಳಿಗೆ ದೇವೀಂದ್ರಪ್ಪ ಅವಳನ್ನು ಕರೆದುಕೊಂಡು ಹೋದ. ಮೂವತ್ತೆರಡು ಮೂವತ್ತಮೂರರ ಹೆಣ್ಣುಮಗಳು, ಕನ್ನಡಕದವಳು, ಚಿತಾಪುರದ ಕಡೆಯವಳು. ಅವಳು ಶಿವಕಾಂತಮ್ಮನ ಕತ್ತು ಮುಟ್ಟಿ, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, “ಕುತ್ತಿಗ್ಯಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಇರ್ತದ. ಅದು ಮಂದ ಆಗ್ಯಾದ ಅಂತ ನನಗ ಅನುಮಾನ. ಹೈದ್ರಾಬಾದಿಗಿ ಹೋಗಿ ರಕ್ತ ಕೊಟ್ಟು ಬರ್ರಿ,” ಎಂದಳು.

ಸೇಡಮಿನಲ್ಲಿ ರೈಲು ಹತ್ತಿ, ತಾಂಡೂರು ದಾಟಿ ಹೈದರಾಬಾದಿಗೆ ಹೋದರು. ರಕ್ತ ಕೊಟ್ಟರು. ಹದಿನೈದು ದಿನದ ಮೇಲೆ ಟಪಾಲಿನಲ್ಲಿ ರಿಪೋರ್ಟು ಬಂತು. ಡಾಕ್ಟರ್ ನೋಡಿ ತಲೆಯಾಡಿಸಿದಳು: ಥೈರಾಯ್ಡ್ ಬಹಳ ಕಡಿಮೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ. ಬಿಡುವಂತಿಲ್ಲ.

ಹೀಗೆ ಹೇಳಿದರೆ ನಂಬುವುದು ಕಷ್ಟ, ಆದರೆ ತನಗೊಂದು ರೋಗವಿದೆ ಎಂದು ಕೇಳಿ ಆ ಹೆಂಗಸಿನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆರು ವರ್ಷದಲ್ಲಿ ಮೊದಲ ಸಲ ಅವಳು ಓಣಿಯ ನಡುವೆ ತಲೆ ಎತ್ತಿ ನಡೆದಳು. ದೇವೀಂದ್ರಪ್ಪನ ಸಂಭ್ರಮ ಅದಕ್ಕಿಂತ ಹೆಚ್ಚು. ಸಿಕ್ಕಿತಲ್ಲ ಕಾಗದ, ಅದೂ ಹೈದರಾಬಾದಿನದು, ಮೊಹರು ಇದ್ದದ್ದು! ಸಂಜೆ ಮನೆಯ ಕಟ್ಟೆಯ ಮೇಲೆ ನಿಂತು, ಬಂದವರಿಗೆಲ್ಲ ರಿಪೋರ್ಟು ಓದಿ ಹೇಳಿದ. “ಇಷ್ಟು ಇರಬೇಕಿತ್ತಂತ, ಇಷ್ಟೇ ಅದಂತ. ಸುಳ್ಳಲ್ಲ, ನೋಡ್ರಿ, ಇಲ್ಲಿ ಬರದಾರ.” ಹೆಂಡತಿಯ ಮೈಯೊಳಗಿನ ವಿಷಯವನ್ನು ಗಂಡ ಹೀಗೆ ಊರಿಗೆ ಓದಿ ಹೇಳಬಹುದೇ ಎಂದು ಯಾರೂ ಕೇಳಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿದ ಶಿವಕಾಂತಮ್ಮನಿಗೂ ಆ ದಿನ ಹಾಗೆ ಅನ್ನಿಸಲಿಲ್ಲ.

ಮರುದಿನ ರತ್ನಾಬಾಯಿ ಬಂದಳು. ಬಂದವಳೇ ಶಿವಕಾಂತಮ್ಮನ ಎರಡೂ ಕೈ ಹಿಡಿದುಕೊಂಡಳು.

“ತಂಗಿ, ನಾ ಭಾಳ ತಪ್ಪ ಮಾಡೀನಿ. ಜಡ್ಡಿನಾಕಿಗಿ ಮೈಗಳ್ಳಿ ಅಂದೆ. ನನ ಬಾಯಿಗಿ ಮಣ್ಣ ಬೀಳ್ಲಿ.”

“ಹಂಗನಬ್ಯಾಡಕ್ಕಾ. ಈ ಗುಳಿಗಿ ತಗೊಂಡ್ರ ಎಲ್ಲ ಬ್ಯಾನಿ ಹೋಗ್ತದಂತ. ಬರೋ ವರ್ಷ ನಿನ ಮಗಳ ಮದಿವಿಗಿ ಮೊದಲನೇ ಒಲಿ ನಂದ. ನೋಡ್ತಿರು, ಯಾರೂ ಕೈ ಹಚ್ಚೂದ ಬ್ಯಾಡ.”

ಎಲ್ಲ ಬೇನೆ ಹೋಗುತ್ತದೆಂದು ಡಾಕ್ಟರ್ ಹೇಳಿರಲಿಲ್ಲ. ಅದು ಶಿವಕಾಂತಮ್ಮ ತಾನಾಗಿ ಸೇರಿಸಿದ್ದು. ಸಂತೋಷದ ಭರದಲ್ಲಿ ಸೇರಿಸಿದಳು, ಮತ್ತು ಹೇಳಿದ ಮೇಲೆ ತಾನೂ ನಂಬಿದಳು.

ಗುಳಿಗೆ ತನ್ನ ಕೆಲಸ ಮಾಡಿತು. ತಿಂಗಳಲ್ಲಿ ದನಿ ತಿಳಿಯಾಯಿತು, ಎರಡು ತಿಂಗಳಲ್ಲಿ ಮುಖದ ಊತ ಇಳಿಯಿತು. ಕೌದಿ ಮಡಚಿ ಮೇಲಿಟ್ಟಳು. ಕೂದಲು ಉದುರುವುದು ನಿಂತಿತು. ಹೆಂಗಸರು ನೀರಿನ ಹತ್ತಿರ ಅವಳ ಗಲ್ಲ ಹಿಡಿದು, “ಮದಲಗಿತ್ತಿ ಆಗಿಯಲ್ಲವಾ,” ಎಂದು ಛೇಡಿಸಿದರು. ಶಿವಕಾಂತಮ್ಮ ನಕ್ಕಳು. ನಗುವಾಗಲೂ ಹೆಗಲು ನೋಯುತ್ತಿತ್ತು.

ನೋವು ಇದ್ದಲ್ಲೇ ಇತ್ತು. ಕತ್ತು, ಹೆಗಲು, ಪಕ್ಕೆ, ತೊಡೆ. ಒಂದೂ ಬಿಟ್ಟು ಹೋಗಿರಲಿಲ್ಲ. ಬೆಳಿಗ್ಗೆ ಗುಳಿಗೆ ನುಂಗಿ ಅವಳು ಕಾಯುತ್ತಿದ್ದಳು: ಇಂದು ಹೋದೀತು, ಈ ಅಮಾವಾಸ್ಯೆ ಕಳೆದರೆ ಹೋದೀತು, ಈ ಡಬ್ಬಿ ಮುಗಿದರೆ ಹೋದೀತು. ನಾಲ್ಕನೆಯ ತಿಂಗಳಿಗೆ ಅವಳಿಗೆ ಭಯ ಹತ್ತಿತು. ರೋಗ ಹೊರಟಿದೆ, ನೋವು ಉಳಿದಿದೆ ಎಂದರೆ ಏನರ್ಥ? ಅಂದರೆ ನೋವು ರೋಗದ್ದಲ್ಲ, ನನ್ನದೇ. ಹೆಂಗಸರು ಅಂದದ್ದೇ ನಿಜ. ನಾನು ಮೈಗಳ್ಳಿಯೇ ಇರಬೇಕು. ನನಗೇ ಗೊತ್ತಿಲ್ಲ, ಅಷ್ಟೆ. ಈ ವಿಚಾರ ಅವಳನ್ನು ನೋವಿಗಿಂತ ಹೆಚ್ಚು ಹಿಂಡಿತು.

ಎಂಬತ್ತಮೂರರ ಫೆಬ್ರವರಿಯಲ್ಲಿ ಮತ್ತೆ ರಕ್ತದ ಪರೀಕ್ಷೆಯಾಯಿತು. ಎರಡನೆಯ ರಿಪೋರ್ಟು ಸರಿಯಾಗಿ ಬಂತು. ಡಾಕ್ಟರ್ ಖುಷಿಯಾಗಿ, “ಈಗ ಹೆಂಗದ ಅಮ್ಮಾ? ಎಲ್ಲಾ ಆರಾಮ?” ಎಂದು ಕೇಳಿದಳು. ಪಕ್ಕದಲ್ಲಿ ದೇವೀಂದ್ರಪ್ಪ ರಿಪೋರ್ಟನ್ನು ಎರಡು ಕೈಯಲ್ಲಿ ಹಿಡಿದು ಮುಗುಳ್ನಗುತ್ತ ಕೂತಿದ್ದ. ಶಿವಕಾಂತಮ್ಮ ಡಾಕ್ಟರಳ ಕನ್ನಡಕ ನೋಡಿದಳು, ಗಂಡನ ಮುಖ ನೋಡಿದಳು.

“ಎಲ್ಲಾ ಆರಾಮ ಅದರಿ ಡಾಕ್ಟರ್ ಬಾಯಿ,” ಎಂದಳು.

ಸುಟ್ಟಿರದ ಅಂಗೈಗೆ ಬಟ್ಟೆ ಸುತ್ತಿಕೊಂಡಾಗ ಅವಳಿಗಾದ ನಾಚಿಕೆ ಸಿಕ್ಕಿಬಿದ್ದ ಮೇಲಿನದು. ಇದು ಹಾಗಲ್ಲ, ಮಾತು ಬಾಯಿಂದ ಹೊರಡುತ್ತಿರುವಾಗಲೇ ನಾಚಿಕೆಯಾಯಿತು. ಆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವೈಶಾಖದಲ್ಲಿ ರತ್ನಾಬಾಯಿಯ ಮಗಳ ಮದುವೆ. ಕುಂಕುಮದ ಭರಣಿ ನಾಲ್ಕು ವರ್ಷದ ಮೇಲೆ ಶಿವಕಾಂತಮ್ಮನ ಹೊಸ್ತಿಲಿಗೆ ಬಂತು. ಬೇರೆ ಯಾರ ಮನೆಗೂ ಹೋಗುವ ಮೊದಲು ಅವಳ ಮನೆಗೇ ಬಂತು. ರತ್ನಾಬಾಯಿ ಹಣೆಗೆ ಕುಂಕುಮ ಹಚ್ಚಿ, “ಇನ್ನ ಮೂರು ವಾರಕ್ಕ, ಮಂಗಳವಾರ ಮುಂಜಾನೆ. ಮೊದಲನೇ ಒಲಿ ನಿಂದು,” ಎಂದಳು. ಅಷ್ಟು ದೊಡ್ಡ ಮಾನ ಹೆಗಲ ಮೇಲೆ ಬಿದ್ದಾಗ ಬೇರೆ ಯಾರಿಗಾದರೂ ಕುಣಿಯಬೇಕೆನಿಸುತ್ತಿತ್ತು. ಶಿವಕಾಂತಮ್ಮ ಅಡುಗೆಮನೆಗೆ ಹೋಗಿ ಗುಳಿಗೆಯ ಡಬ್ಬಿ ಕೈಗೆತ್ತಿಕೊಂಡಳು.

ಅವಳ ತರ್ಕ ಸರಳವಾಗಿತ್ತು. ಒಂದು ಗುಳಿಗೆಗೆ ಊತ ಇಳಿಯಿತು, ಚಳಿ ಹೋಯಿತು, ಅರ್ಧ ರೋಗ ಹೋಯಿತು. ಉಳಿದರ್ಧ ಹೋಗಬೇಕಾದರೆ ಇನ್ನಷ್ಟು ಬೇಕು. ಹಿಟ್ಟು ಗಟ್ಟಿಯಾದರೆ ಎಸರು ಹೆಚ್ಚು ಹಾಕುವುದಿಲ್ಲವೇ, ಹಾಗೆ. ಮೊದಲ ವಾರ ಎರಡು ನುಂಗಿದಳು. ನೋವು ಕದಲಲಿಲ್ಲ. ಆಮೇಲೆ ಬೆಳಿಗ್ಗೆ ಎರಡು, ಸಂಜೆ ಎರಡು. ಎದೆ ಡಬಡಬ ಬಡಿದುಕೊಳ್ಳತೊಡಗಿತು, ಅಂಗೈ ಬೆವರತೊಡಗಿತು. ಅದನ್ನೂ ಅವಳು ಗುಣದ ಲಕ್ಷಣವೆಂದೇ ತಿಳಿದಳು. ಯಾರನ್ನು ಕೇಳುವುದು? ‘ಎಲ್ಲಾ ಆರಾಮ’ ಎಂದು ಹೇಳಿದವಳು ಮತ್ತೆ ಡಾಕ್ಟರ ಬಾಗಿಲಿಗೆ ಯಾವ ಮುಖ ಹೊತ್ತುಕೊಂಡು ಹೋಗಬೇಕು?

ಮಂಗಳವಾರ ರತ್ನಾಬಾಯಿಯ ಅಂಗಳದಲ್ಲಿ ಆರು ಒಲೆ ಹೂಡಿದ್ದರು. ಹೆಂಗಸರೆಲ್ಲ ಅವಳ ಕೈ ನೋಡಲು ಕಾಯುತ್ತಿದ್ದರು. ಹೊಸದಾಗಿ ಬಂದ ಸೊಸೆಯಂದಿರಿಗೆ, “ನೋಡ್ರಿ, ಕೊಡ್ಲಿಯವರ ಕೈ ಹೆಂಗಿರ್ತದ,” ಎಂದು ತೋರಿಸುವುದಿತ್ತು. ಶಿವಕಾಂತಮ್ಮ ಕೂತು ಹಿಟ್ಟಿನ ಮುದ್ದೆ ತೆಗೆದುಕೊಂಡಳು. ಬಡಿಯಲು ಕೈ ಎತ್ತಿದಾಗ ಬೆರಳು ನಡುಗಿದವು. ರೊಟ್ಟಿ ಅಗಲವಾಯಿತು, ಹಂಚಿಗೆ ಹಾಕಲು ಎತ್ತಿದರೆ ನಡುವೆ ಹರಿದು ಅರ್ಧ ಕೆಳಗೆ ಬಿತ್ತು. ಎರಡನೆಯದೂ ಹರಿಯಿತು. ಮೂರನೆಯದು ಹಂಚಿನ ಅಂಚಿಗೆ ಬಿದ್ದು ಮುದುಡಿತು. ಆರು ಒಲೆಯ ಬಡಿತದಲ್ಲಿ ಐದು ನಿಂತವು. ಎಲ್ಲರೂ ಇತ್ತ ನೋಡುತ್ತಿದ್ದರು.

ಮೂಲೆಯಿಂದ ಯಾವಳೋ ಅಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. “ರಿಪೋರ್ಟ್ ಚೊಲೊ ಬಂದದಂತಲ್ಲ. ಈಗ್ಯಾನ ಮತ್ತ ನಾಟಕ?”

ನೆಲ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎನ್ನಿಸಿತು ಶಿವಕಾಂತಮ್ಮನಿಗೆ. ರತ್ನಾಬಾಯಿಯ ಕಡೆ ನೋಡಿದಳು. ರತ್ನಾಬಾಯಿ ಮುಖ ತಿರುಗಿಸಿದಳು. ಏಳಲು ಹೋದವಳ ಕಣ್ಣಿಗೆ ಕತ್ತಲೆ ಬಂದು, ಹಿಟ್ಟಿನ ಪರಾತದ ಮೇಲೇ ಒರಗಿದಳು.

ಎಚ್ಚರವಾದಾಗ ಡಾಕ್ಟರ್ ನೂರಜಹಾನಳ ದವಾಖಾನೆಯಲ್ಲಿದ್ದಳು. ಕೈಗೆ, ಕೆನ್ನೆಗೆ ಹಿಟ್ಟು ಮೆತ್ತಿಕೊಂಡೇ ಇತ್ತು. ಡಾಕ್ಟರ್ ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದಳು. ಅವಳು ದೇವೀಂದ್ರಪ್ಪನಿಗೆ ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದಳು.

“ಎಷ್ಟು ಗುಳಿಗಿ ನುಂಗ್ಲಿಕತ್ತಿದ್ರಿ, ಖರೇ ಹೇಳ್ರಿ ಅಮ್ಮಾ.”

ಶಿವಕಾಂತಮ್ಮ ನಾಲ್ಕು ಬೆರಳು ತೋರಿಸಿದಳು. ಯಾಕೆಂದು ಡಾಕ್ಟರ್ ಕೇಳಿದಳು. ಆಗ ಕಟ್ಟೆ ಒಡೆಯಿತು. ಬೇನೆ ಒಂದು ದಿನವೂ ಬಿಟ್ಟಿಲ್ಲವೆಂದು, ರೊಟ್ಟಿಗೆ ಕರೆದಾಗಲೆಲ್ಲ ಹೊಸ ಸುಳ್ಳು ಹೇಳಿದ್ದೇನೆಂದು, ಆರಾಮ ಎಂದದ್ದೂ ಸುಳ್ಳೆಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದಳು. ಡಾಕ್ಟರ್ ಅವಳ ಹಿಂದೆ ಬಂದು ನಿಂತಳು. ಕತ್ತಿನ ಬುಡದಲ್ಲಿ ಒಂದು ಜಾಗ ಹೆಬ್ಬೆರಳಿನಿಂದ ಒತ್ತಿದಳು; ಶಿವಕಾಂತಮ್ಮ ಹೌಹಾರಿದಳು. ಹೆಗಲ ಮೇಲೆ, ಮೊಣಕೈ ಹೊರಗೆ, ಮೊಣಕಾಲಿನ ಒಳಬದಿಗೆ, ಒಂದೊಂದೇ ಕಡೆ ಒತ್ತಿದಳು. ಒತ್ತಿದಲ್ಲೆಲ್ಲ ಚೀರುವಂತಾಯಿತು. ಅಲ್ಲೇ ನಾಲ್ಕು ಬೆರಳು ಆಚೆ ಒತ್ತಿದರೆ ಏನೂ ಇಲ್ಲ.

“ಇದು ಬ್ಯಾರೆ ಜಡ್ಡು,” ಎಂದಳು ಡಾಕ್ಟರ್. “ಫೈಬ್ರೋಸೈಟಿಸ್ ಅಂತೀವಿ, ಈಗೀಗ ಫೈಬ್ರೋಮಯಾಲ್ಜಿಯಾ ಅಂತ ಬರೀಲಿಕತ್ತಾರ. ಈ ಬ್ಯಾನಿ ಇದ್ದವರೊಳಗ ಒಬ್ಬಿಬ್ಬರಿಗಿ ಥೈರಾಯ್ಡೂ ಕಡಿಮಿ ಇರ್ತದ. ನಿಮಗ ಎರಡೂ ಅವ. ಒಂದು ರಕ್ತದಾಗ ಕಾಣ್ತದ, ಅದಕ್ಕ ಗುಳಿಗಿ ಅದ. ಇನ್ನೊಂದು ಯಾವ ರಿಪೋರ್ಟಿನ್ಯಾಗೂ ಬರಂಗಿಲ್ಲ. ಅದರ ಬ್ಯಾನಿ ಖರೇನೇ ಅದ. ಪೂರಾ ಹೋಗ್ತದಂತ ನಾ ಸುಳ್ಳ ಹೇಳಂಗಿಲ್ಲ.” ಕನ್ನಡಕ ತೆಗೆದು ಒರೆಸಿಕೊಂಡಳು. “ತಪ್ಪು ನಂದೂ ಅದ. ನಂಬರ್ ನೋಡಿ ಖುಷಿ ಪಟ್ಟೆ. ನಿಮ್ಮ ಮನಿಯವರ ಮುಂದ ಆರಾಮ ಏನು ಅಂತ ಕೇಳಿದೆ. ಅವರ ಮುಂದ ಯಾರು ಇಲ್ಲ ಅಂತಾರ?”

ಗುಳಿಗೆ ಕೆಲವು ದಿನ ನಿಲ್ಲಿಸಿ, ಆಮೇಲೆ ಮತ್ತೆ ಒಂದೇ ಒಂದು ಎಂದು ತೀರ್ಮಾನವಾಯಿತು. ಹೊರಗೆ ದೇವೀಂದ್ರಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವನು ಬೆಪ್ಪಾಗಿ ನಿಂತ. “ಆದ್ರ ರಿಪೋರ್ಟ್ ಸರಿ ಅದಲ್ರಿ,” ಎಂದು ಎರಡು ಸಲ ಅಂದ. ಆಮೇಲೆ, “ಈ ಇನ್ನೊಂದರದು ಏನರ ಬರದು ಕೊಡ್ತೀರೇನ್ರಿ?” ಎಂದ. ಒಳಗೆ ಮಲಗಿದ್ದ ಶಿವಕಾಂತಮ್ಮನಿಗೆ ಆ ಮಾತು ಕೇಳಿಸಿತು. ಗೋಡೆಯ ಕಡೆ ಹೊರಳಿದಳು. ಕಾಗದ ಬಂದರೆ ಅವಳು ಮತ್ತೆ ಹೆಂಡತಿ, ಬಾರದಿದ್ದರೆ ನಾಟಕದವಳು.

ನಾಲ್ಕು ದಿನ ಅವಳು ಮನೆಯಲ್ಲಿ ಮಲಗಿದ್ದಳು. ಎದುರು ಮನೆಯ ಅಂಗಳದಿಂದ ರೊಟ್ಟಿಯ ಬಡಿತ ಬೆಳಗಿನಿಂದ ಕೇಳುತ್ತಿತ್ತು. ಯಾರೂ ನೋಡಲು ಬರಲಿಲ್ಲ. ಮನೆಯಲ್ಲೇ ಬಡಿದು ಕೊಡು ಎಂದು ಹಿಟ್ಟನ್ನೂ ಕಳಿಸಲಿಲ್ಲ. ಶನಿವಾರ ಸಂಜೆ ಅವಳು ಗಂಡನಿಗೆ ಹೇಳಿದಳು:

“ನಾಳಿಗಿ ರೊಟ್ಟಿ ಮುಗೀತಾವ. ನಮ್ಮ ಮನೀವು ಒಂದೂ ಇಲ್ಲ. ಇಷ್ಟು ವರ್ಷ ನನಗ ಕರೀಲಿಲ್ಲ, ಸೈಸಿಕೊಂಡೆ. ಈ ಸಲ ಕರದ ಮ್ಯಾಲೂ ಇಲ್ಲ. ನನ್ನ ನಸೀಬ ಹೋಗ್ಲಿ, ನಾಳಿಗಿ ನಮ್ಮ ಮಕ್ಕಳ ಮದಿವಿಗಿ ಈ ಮನಿಗಿ ಯಾರ ಬರ್ತಾರ? ನನಗ ಸತ್ತಂಗಾಗ್ಯಾದ.”

ದೇವೀಂದ್ರಪ್ಪ ಆ ಸಂಜೆ ಕಟ್ಟೆಗೂ ಹೋಗಲಿಲ್ಲ. ಹೆಂಡತಿ ಮಲಗಿದ್ದ ಜಾಗವನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದ.

ಭಾನುವಾರ ಬೆಳಿಗ್ಗೆ ಅವನು ಅಂಗಿ ಕಳಚಿಟ್ಟು, ಬೀದಿ ಬಾಗಿಲಿಗೆ ಚಿಲಕ ಹಾಕಿ, ಒಲೆ ಹಚ್ಚಿದ. ಶಿವಕಾಂತಮ್ಮ ಎದ್ದು ಕೂತಳು. ಅವನು ಡಬ್ಬಿಯಿಂದ ಜೋಳದ ಹಿಟ್ಟು ಪರಾತಕ್ಕೆ ಸುರಿದು, “ಎಸರು ಎಷ್ಟು ಹಾಕಬೇಕ?” ಎಂದ.

“ಏನ್ ಮಾಡ್ಲಿಕತ್ತೀರಿ? ಬಿಡ್ರಿ! ಮಂದಿ ನೋಡಿದ್ರ ಏನಂದಾರ!”

“ಎಸರು ಎಷ್ಟು ಅಂತ ಹೇಳು.”

ಆ ಊರಿನಲ್ಲಿ ಗಂಡಸು ರೊಟ್ಟಿ ಬಡಿಯುವುದೆಂದರೆ ಸೀರೆ ಉಟ್ಟು ಬೀದಿಗೆ ಬಂದಂತೆಯೇ ಸರಿ. ಶಿವಕಾಂತಮ್ಮನಿಗೆ ಅಂಗಳದಲ್ಲಿ ಬಿದ್ದಾಗ ಆಗದಷ್ಟು ನಾಚಿಕೆ ಈಗ ಆಯಿತು. ಗೋಡೆಗೊರಗಿ, ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತ ಹೇಳಿಕೊಟ್ಟಳು. ಮೊದಲಿನ ನಾಲ್ಕು ಅವನ ಕೈಗೇ ಅಂಟಿದವು. ಆಮೇಲಿನವು ಹೇಗೋ ಹಂಚಿಗೆ ಬಿದ್ದವು. ದಪ್ಪ, ಸೊಟ್ಟ, ಒಂದಂತೂ ಕಚೇರಿಯ ನಕಾಶೆಯಲ್ಲಿನ ಹೊಲದ ಆಕಾರ. ಎರಡು ಕೈ ಹೊಡೆದು ಒಂದು ಉಸಿರು ಬಿಡುವ ಆ ಬಡಿತ ಕೇಳಿ ಓಣಿಯಲ್ಲಿ ಹೋಗುವವರು ನಿಂತಿದ್ದರೆ ಆಶ್ಚರ್ಯವಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ರೊಟ್ಟಿಯಾದವು. ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ, ಅಂಗಿ ತೊಟ್ಟು, ಅವನೇ ಹೊತ್ತುಕೊಂಡು ಎದುರು ಮನೆಗೆ ನಡೆದ. ಶಿವಕಾಂತಮ್ಮ ಬಾಗಿಲ ಹಿಂದೆ ಬಂದು ನಿಂತಳು.

ರತ್ನಾಬಾಯಿ ಬಟ್ಟೆ ಸರಿಸಿದ್ದು ಕಂಡಿತು. ಹೆಂಗಸರು ಮುಂದಕ್ಕೆ ಬಾಗಿದರು.

“ಇದ್ಯಾರ ಕೈ?” ರತ್ನಾಬಾಯಿ ಕೇಳಿದಳು.

“ನಂದು.”

ಅಂಗಳದ ತುಂಬ ನಗು ಎದ್ದಿತು. ದೇವೀಂದ್ರಪ್ಪ ಅದು ನಿಲ್ಲುವವರೆಗೆ ಕಾದ. ಅವನ ಕಿವಿ ಕೆಂಪಾಗಿದ್ದುದು ಈಚೆ ಬಾಗಿಲಿಗೂ ಕಾಣುತ್ತಿತ್ತು.

“ಆಕಿಗಿ ಬಡೀಲಿಕ್ಕ ಆಗಂಗಿಲ್ಲ, ಅಕ್ಕಾ. ಇನ್ನ ಮುಂದನೂ ಆಗಂಗಿಲ್ಲ. ಆಕಿ ಬ್ಯಾನಿ ಖರೇ ಅದ. ರಿಪೋರ್ಟಿನ್ಯಾಗ ಇಲ್ಲ, ಆದ್ರೂ ಅದ. ನಿಮಗ ಓದಿ ಓದಿ ಹೇಳಿದಾಂವ ನಾನು, ತಪ್ಪ ನಂದು. ಈ ಮನೀ ಮುಯ್ಯಿ ಇನ್ನ ಮುಂದ ಹಿಂಗೇ ಇರ್ತದ, ದಪ್ಪ ದಪ್ಪ. ತಗೊಂಡ್ರ ತಗೋರಿ.”

ರತ್ನಾಬಾಯಿ ಬುಟ್ಟಿ ಎತ್ತಿಕೊಂಡು ಹೋಗಿ, ಒಂದೊಂದಾಗಿ ರಾಶಿಯ ಮೇಲೆ ಜೋಡಿಸಿದಳು. ಕೊನೆಯದನ್ನಿಟ್ಟು ಸೆರಗಿನಿಂದ ಮೂಗು ಒರೆಸಿಕೊಂಡದ್ದು ಶಿವಕಾಂತಮ್ಮನಿಗೆ ಕಂಡಿತು.

ಗಂಡ ಮನೆಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತ. ನೀರಿನ ಚೊಂಬು ಎತ್ತಲು ಹೋಗಿ ಕೈ ಅರ್ಧಕ್ಕೇ ನಿಂತಿತು, ಮುಖ ಹಿಂಡಿದ. ಕತ್ತು ತಿರುಗಿಸಲು ನೋಡಿದ, ಅದೂ ಆಗಲಿಲ್ಲ.

“ಇಪ್ಪತ್ತು ರೊಟ್ಟಿಗಿ ಹೆಗಲು ಕಡದು ಹೋಗ್ಯಾವ,” ಎಂದ. ಆಮೇಲೆ, ಅವಳನ್ನು ನೋಡದೆ, ಮೆಲ್ಲಗೆ ಕೇಳಿದ: “ರೊಟ್ಟಿ ಬಡದಾಗೆಲ್ಲ ನಿನಗ ಹಿಂಗೇ ಆಗ್ತಿತ್ತೇನು?”

ಶಿವಕಾಂತಮ್ಮ ಚೊಂಬು ಎತ್ತಿ ಅವನ ಬಾಯಿಗೆ ಹಿಡಿದಳು. ಅವಳ ಕೈಯೂ ನೋಯುತ್ತಿತ್ತು.

“ಬಡೀಲಾರದ ದಿನನೂ ಹಿಂಗೇ,” ಎಂದಳು.

ಅವನು ನೀರು ಕುಡಿಯಲಿಲ್ಲ. ಹೆಂಡತಿಯ ಮುಖ ನೋಡಲು ಹೋದ, ಆಗಲಿಲ್ಲ. ನಾಚಿಕೆಯಿಂದ ತಲೆ ಕೆಳಗೆ ಹಾಕಿದ.